ಕೆರೆಯ ಮೀನಿಗೂ ಒಂದು ತಳಿಚರಿತ್ರೆ

ಅಜ್ಜಂಪುರ ಎಂದೊಡನೆ ದನಕರುಗಳ ವಿಷಯ ಬಲ್ಲವರಿಗೆ ನೆನಪಾಗುವುದು ಅಮೃತಮಹಲ್ ತಳಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದುದು ಟಿಪ್ಪುವಿನ ಆಳ್ವಿಕೆಯಲ್ಲಿ ‘ಅಮೃತಮಹಲ್’ ಎನಿಸಿಕೊಂಡಿತು. ಆ ತಳಿಯನ್ನು ಕಾಯುವ ಸರ್ಕಾರಿ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಹೋರಿಯ ಹುಟ್ಟು ಯಾವುದು, ಅದನ್ನು ಯಾವ ಹಿಂಡಿಗೆ ಬಿಡಬೇಕು ಎಂಬ ಲೆಕ್ಕಾಚಾರ ಈ ಸೀಮೆಗೆ ಹೊಸದಲ್ಲ.

ಆದರೆ ಇದೇ ಸೀಮೆಯ ಕೆರೆಗಳಲ್ಲಿ ಬೆಳೆಯುವ ಮೀನಿನ ಹುಟ್ಟು ಯಾವುದು? ಕಡೂರು, ತರೀಕೆರೆ, ಅಜ್ಜಂಪುರಗಳ ಸಂತೆಯಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಕೊಳ್ಳುವವರು ಅವನ್ನು ‘ಕೆರೆ ಮೀನು’ ಎಂದೇ ಕರೆಯುತ್ತಾರೆ. ವಾಸ್ತವದಲ್ಲಿ ಅವು ಈ ಕಡೆಯ ಮೀನುಗಳಲ್ಲ. ಅವುಗಳ ತವರು ಗಂಗಾ, ಬ್ರಹ್ಮಪುತ್ರಾದಂಥ ಉತ್ತರದ ನದಿಗಳು. ನಮ್ಮ ಕೆರೆಗಳಲ್ಲಿ ಮೊದಲಿನಿಂದ ಇದ್ದವು ಕೊರವ, ಬಾಳೆಮೀನು, ಹಾವುಮೀನು ಮುಂತಾದವು. ಉತ್ತರದ ಗೆಂಡೆಮೀನುಗಳು ಇಲ್ಲಿ ನೆಲೆಯೂರಿದ್ದರ ಹಿಂದೆ ವಿಜ್ಞಾನದ ಒಂದು ಸ್ವಾರಸ್ಯಕರ ಕಥೆಯಿದೆ.

ಈ ಮೂರು ಮೀನುಗಳು ಕೆರೆಯಲ್ಲಿ ಸೊಗಸಾಗಿ ಬೆಳೆಯುತ್ತವೆ. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ತೊಡಕು ಇರುವುದು ಸಂತಾನದಲ್ಲಿ. ಮುಂಗಾರಿನಲ್ಲಿ ಉಕ್ಕಿ ಹರಿಯುವ ನದಿಯಲ್ಲಿ ಮಾತ್ರ ಇವು ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಹೆಣ್ಣುಮೀನಿನ ಹೊಟ್ಟೆ ಮೊಟ್ಟೆಯಿಂದ ತುಂಬಿದರೂ ಮೊಟ್ಟೆ ಹೊರಬರುವುದಿಲ್ಲ. ಕ್ರಮೇಣ ಒಡಲಲ್ಲೇ ಕರಗಿಹೋಗುತ್ತದೆ. ಹೀಗಾಗಿ ಹಿಂದೆ ಬಂಗಾಳದ ನದಿಗಳಲ್ಲಿ ಬಲೆಯೊಡ್ಡಿ ಹಿಡಿದ ಮರಿಗಳನ್ನು ಮಡಕೆಗಳಲ್ಲಿ ತುಂಬಿ, ರೈಲಿನಲ್ಲಿ ದೂರದ ಊರುಗಳಿಗೆ ಕಳಿಸಬೇಕಾಗಿತ್ತು. ದಾರಿಯಲ್ಲಿ ಎಷ್ಟೋ ಸಾಯುತ್ತಿದ್ದವು. ಉಳಿದವುಗಳಲ್ಲಿಯೂ ಬೇಡದ ಜಾತಿಗಳು ಬೆರೆತಿರುತ್ತಿದ್ದವು.

ನೀರಿನ ಪ್ರಾಣಿಗಳು ಸಂತಾನ ಪಡೆಯುವ ಬಗೆಯನ್ನು ವಿಜ್ಞಾನಿಗಳು ಮೊದಲು ಚೆನ್ನಾಗಿ ಅರಿತದ್ದು ಮೀನಿನಿಂದಲ್ಲ, ಸೀ ಅರ್ಚಿನ್ ಎಂಬ ಕಡಲಜೀವಿಯಿಂದ. ಮೈತುಂಬ ಮುಳ್ಳಿರುವ ಚೆಂಡಿನಂಥ ಈ ಪ್ರಾಣಿ ಮೊಟ್ಟೆ ಮತ್ತು ವೀರ್ಯಗಳನ್ನು ಸಮುದ್ರದ ನೀರಿಗೇ ಬಿಡುತ್ತದೆ. 1875ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್ ಮೆಡಿಟರೇನಿಯನ್ ತೀರದಲ್ಲಿ ಇದರ ಪಾರದರ್ಶಕ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಗಮನಿಸಿ, ಗಂಡಿನ ಕೋಶಕೇಂದ್ರ ಹೆಣ್ಣಿನ ಕೋಶಕೇಂದ್ರದೊಡನೆ ಕೂಡುವುದೇ ಫಲೀಕರಣವೆಂದು ಕಂಡುಕೊಂಡ. ಸೀ ಅರ್ಚಿನ್‌ಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನು ಚುಚ್ಚಿದರೆ ಸಾಕು, ಅದು ಮೊಟ್ಟೆಯನ್ನೋ ವೀರ್ಯವನ್ನೋ ಹೊರಬಿಡುತ್ತದೆ; ಪ್ರಯೋಗಾಲಯಗಳಲ್ಲಿ ಇಂದಿಗೂ ಇದೇ ರೂಢಿ. ಮೀನಿನಲ್ಲಿಯೂ ಫಲೀಕರಣ ನಡೆಯುವುದು ಒಡಲಿನ ಹೊರಗೆ, ನೀರಿನಲ್ಲಿಯೇ. ಆದರೆ ಗೆಂಡೆಮೀನು ಅಷ್ಟು ಸುಲಭಕ್ಕೆ ಒಲಿಯಲಿಲ್ಲ.

ಅದರ ಬೀಗದ ಕೈ ಇದ್ದುದು ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಲ್ಲಿ. ನದಿಯ ನೆರೆ, ಮಳೆಯ ತಂಪು ಇವು ಮೀನಿಗೆ ತಾಕಿದಾಗ ಈ ಗ್ರಂಥಿ ಸ್ರವಿಸುವ ಹಾರ್ಮೋನು ಮೊಟ್ಟೆಯ ಬಿಡುಗಡೆಗೆ ಅಪ್ಪಣೆ ಕೊಡುತ್ತದೆ. 1930ರಲ್ಲಿ ಅರ್ಜೆಂಟೀನಾದ ಬರ್ನಾರ್ಡೊ ಹೌಸೇ ಮೀನಿಗೆ ಮೀನಿನ ಪಿಟ್ಯುಟರಿಯ ಸಾರವನ್ನೇ ಚುಚ್ಚಿ ಅದರ ಪ್ರಭಾವವನ್ನು ತೋರಿಸಿದ. ಬ್ರೆಜಿಲ್‌ನಲ್ಲಿ ಅದು ಕೃಷಿಗೆ ಬಳಕೆಯಾಯಿತು. ಭಾರತದಲ್ಲಿ ಯಶಸ್ಸು ದೊರೆತದ್ದು 1957ರ ಜುಲೈ 10ರಂದು. ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಗೆಂಡೆಮೀನುಗಳು ನಿಂತ ನೀರಿನಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಜುಲೈ 10ನ್ನು ಇಂದು ದೇಶದಲ್ಲಿ ಮೀನುಕೃಷಿಕರ ದಿನವಾಗಿ ಆಚರಿಸಲಾಗುತ್ತದೆ.

ವಿಧಾನ ಸರಳವೇ. ಮಾರುಕಟ್ಟೆಯಲ್ಲಿ ಕತ್ತರಿಸಿದ ಮೀನಿನ ತಲೆಯಿಂದ ಗ್ರಂಥಿ ತೆಗೆದು ಮದ್ಯಸಾರದಲ್ಲಿ ಕಾಪಿಟ್ಟು, ಬೇಕಾದಾಗ ಅರೆದು, ತಿಳಿರಸವನ್ನು ಚುಚ್ಚುವುದು. ಹೆಣ್ಣಿಗೆ ಸುಮಾರು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ, ಗಂಡಿಗೆ ಒಂದೇ ಬಾರಿ. ಮುಂದಿನ ಕೆಲವು ಗಂಟೆಗಳಲ್ಲಿ ಲಕ್ಷಾಂತರ ಮೊಟ್ಟೆಗಳು ಹೊರಬರುತ್ತವೆ, ಒಂದು ದಿನದೊಳಗೆ ಮರಿಯಾಗುತ್ತವೆ. ಅನಂತರ ನೀರು ಸುತ್ತುತ್ತಲೇ ಇರುವ ವೃತ್ತಾಕಾರದ ಚೀನೀ ಮಾದರಿಯ ತೊಟ್ಟಿಗಳು ಬಂದವು. ನದಿಯ ಹರಿವನ್ನೇ ಸಿಮೆಂಟಿನ ಗೋಡೆಯೊಳಗೆ ತಂದಂತಾಯಿತು. 1980ರ ದಶಕದ ಕೊನೆಯಲ್ಲಿ ‘ಓವಾಪ್ರಿಮ್’ನಂಥ ಸಿದ್ಧ ಔಷಧಗಳು ಬಂದ ಮೇಲೆ ಗ್ರಂಥಿ ಹುಡುಕುವ ಕೆಲಸವೂ ತಪ್ಪಿತು.

ಇದರ ಫಲ ನಮ್ಮ ಸೀಮೆಗೂ ಮುಟ್ಟಿತು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಎದ್ದು, ವಿಶಾಲ ಜಲರಾಶಿ ನಿಂತಿತು. ಅಣೆಕಟ್ಟಿಗೆ ಹೊಂದಿಕೊಂಡಿರುವ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೀನುಮರಿ ಉತ್ಪಾದನಾ ಕೇಂದ್ರ ಬಂತು. ಬಂಗಾಳದ ಮಡಕೆಯ ಬದಲು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿಗಳು ಕೆರೆ ಸೇರುವ ಕಾಲವಿದು. ಸಖರಾಯಪಟ್ಟಣದ ಅಯ್ಯನಕೆರೆ, ಕಡೂರಿನ ಮದಗದಕೆರೆಯಂಥ ಹಿರಿಯ ಜಲಾಶಯಗಳನ್ನು ಕಟ್ಟಿದ್ದು ಪೈರಿಗೆ ನೀರುಣಿಸಲೆಂದು. ಇಂಥ ಕೆರೆಗಳಲ್ಲಿ ಮರಿ ಬಿಟ್ಟು ಬೆಳೆಸುವ ಮೀನೂ ಒಂದು ಫಸಲಾಯಿತು.

ಆದರೆ ಮರಿ ಮಾಡಿಸುವುದು ಬೇರೆ, ತಳಿ ಕಾಯುವುದು ಬೇರೆ. ಒಂದು ಹೆಣ್ಣುಮೀನು ಲಕ್ಷಗಟ್ಟಲೆ ಮೊಟ್ಟೆಯಿಡುವುದರಿಂದ ಬೆರಳೆಣಿಕೆಯ ತಾಯಿಮೀನುಗಳಿದ್ದರೂ ಕೇಂದ್ರದ ಕೆಲಸ ನಡೆದುಹೋಗುತ್ತದೆ. ಅವುಗಳ ಮರಿಗಳನ್ನೇ ಮುಂದಿನ ತಾಯಿಮೀನಾಗಿ ಇಟ್ಟುಕೊಂಡರೆ ಅಣ್ಣತಂಗಿಯರ ನಡುವೆಯೇ ಕೂಡಿಕೆ ನಡೆಯುತ್ತದೆ. ಇದನ್ನು ಲೆಕ್ಕಹಾಕಿ ಎಚ್ಚರಿಸಿದ ಅಧ್ಯಯನ ನಡೆದದ್ದು ಕರ್ನಾಟಕದ ಮರಿಕೇಂದ್ರಗಳಲ್ಲಿಯೇ. ಏಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಲೇಖನವು ಒಳಸಂತಾನದ ಪ್ರಮಾಣ ಇಲ್ಲಿ ಅಪಾಯಕಾರಿಯಾಗಿ ಏರುತ್ತಿದೆ ಎಂದು ತೋರಿಸಿತು. ಒಳಸಂತಾನ ಹೆಚ್ಚಿದಂತೆ ಬೆಳವಣಿಗೆ ಕುಂಠಿತವಾಗುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ನಷ್ಟ ಹೊರುವವನು ಸಾಲ ಮಾಡಿ ಮರಿ ಕೊಂಡು ಕೆರೆಗೆ ಬಿಟ್ಟ ಗುತ್ತಿಗೆದಾರ. ಮಳೆ ಕೈಕೊಟ್ಟಿತೆಂದು ಅವನು ಹಣೆ ಚಚ್ಚಿಕೊಂಡರೂ ದೋಷ ಮರಿಯಲ್ಲೇ ಇದ್ದಿರಬಹುದು.

ಪರಿಹಾರ ಇಲ್ಲವೆಂದಲ್ಲ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ನೆರವಿನಿಂದ 1992ರಲ್ಲಿ ಆಯ್ಕೆ ತಳಿಯ ಕೆಲಸ ಆರಂಭಿಸಿತು. ಬೇರೆ ಬೇರೆ ನದಿಗಳ ರೋಹುವನ್ನು ಕೂಡಿಸಿ, ಪ್ರತಿ ಕುಟುಂಬದ ದಾಖಲೆಯಿಟ್ಟು ‘ಜಯಂತಿ ರೋಹು’ ತಳಿಯನ್ನು ರೂಪಿಸಿತು. ಹೋರಿಯ ವಂಶಾವಳಿ ಬರೆದಿಡುವ ಅಜ್ಜಂಪುರದ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಇನ್ನೊಂದು ಮಾತೂ ಉಂಟು. ಹೊರಗಿನ ಮೀನಿನ ಸಂತಾನಕ್ಕೆ ಇಷ್ಟು ಶ್ರಮಿಸಿದ ನಾವು ಮನೆಯ ಮೀನನ್ನು ಮರೆತೆವು. ತುಂಗಭದ್ರೆಯ ನೀರಿನಲ್ಲಿ ಹರಗಿ ಎಂಬ, ಹುಲ್ಲು ಜೊಂಡುಗಳನ್ನು ಮೇಯುವ ದೊಡ್ಡ ಗೆಂಡೆಮೀನಿತ್ತು. ನೀರಿನ ಕಳೆ ತಿನ್ನಲು ಚೀನಾದ ಹುಲ್ಲುಗೆಂಡೆಯನ್ನು 1959ರಲ್ಲಿ ದೇಶಕ್ಕೆ ತರಿಸಿಕೊಂಡೆವು. ಅದೇ ಕೆಲಸ ಬಲ್ಲ ಹರಗಿ ಮಾತ್ರ ಅಪರೂಪವಾಗುತ್ತ ಹೋಯಿತು. ಈಚೆಗೆ ಹೆಸರಘಟ್ಟದ ವಿಜ್ಞಾನಿಗಳು ಅದೇ ಚುಚ್ಚುಮದ್ದಿನ ವಿಧಾನದಿಂದ ಹರಗಿಯನ್ನೂ ಸೆರೆಯಲ್ಲಿ ಮರಿಮಾಡಿಸಿದ್ದಾರೆ. ಅಂಗುಲ್‌ನಲ್ಲಿ ಗಂಗೆಯ ಮೀನಿಗಾಗಿ ಪಳಗಿಸಿದ ವಿದ್ಯೆ ಭದ್ರೆಯ ಮೀನಿಗೂ ಆಗಿಬರುತ್ತದೆ ಎಂಬುದು ಸಮಾಧಾನದ ಸಂಗತಿ.

ಮುಂಗಾರು ಹಿಡಿದು ಕೆರೆ ತುಂಬಿದಾಗ ಊರವರು ಎಷ್ಟು ಮರಿ ಬಿಟ್ಟರೆಂದು ಕೇಳುವುದು ವಾಡಿಕೆ. ಅವು ಯಾವ ತಾಯಿಯ ಮರಿಗಳು ಎಂದೂ ಕೇಳುವುದನ್ನು ಕಲಿಯಬೇಕಾಗಿದೆ. ದನದ ವಿಷಯದಲ್ಲಿ ಈ ಸೀಮೆ ಆ ಪ್ರಶ್ನೆಯನ್ನು ಎಂದೋ ಕೇಳಿತ್ತು.