ನಾಟಿಯ ಹೊತ್ತು, ಕೂಸಿನ ಹೊತ್ತು: ಸಿಂಧನೂರು ಸೀಮೆಯಲ್ಲಿ ಎದೆಹಾಲೂಡಿಕೆ

ಹಸುಗೂಸಿಗೆ ಕೇಳಿದಾಗಲೆಲ್ಲ ಮೊಲೆಯೂಡಬೇಕೆ, ಗಡಿಯಾರ ನೋಡಿ ಊಡಬೇಕೆ ಎಂಬ ಚರ್ಚೆ ಹಳೆಯದು. ಇಂಗ್ಲೆಂಡಿನ ವೈದ್ಯ ವಿಲಿಯಂ ಕ್ಯಾಡೊಗನ್ 1748ರಲ್ಲೇ ದಿನಕ್ಕೆ ನಾಲ್ಕು ಬಾರಿ ಸಾಕೆಂದಿದ್ದ. ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ 1907ರಲ್ಲಿ ಕಟ್ಟಿದ ಪ್ಲಂಕೆಟ್ ಸೊಸೈಟಿ ನಾಲ್ಕು ತಾಸಿನ ನೇಮವನ್ನು ಮನೆಮನೆಗೆ ಒಯ್ದಿತು.

ಸಿಂಧನೂರಿನ ಹಳ್ಳಿಗಳಿಗೆ ವೇಳಾಪಟ್ಟಿ ಬಂದದ್ದು ಇವರಿಂದಲ್ಲ, ಕೂಲಿಯಿಂದ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಶುರು. ಅದು ಹೆಣ್ಣಾಳಿನ ಕೆಲಸ. ಎಕರೆಗಿಷ್ಟೆಂದು ಗುಂಪು ಹಿಡಿದ ಗುತ್ತಿಗೆ. ಒಬ್ಬಳು ಬದುವಿಗೆ ಬಂದರೆ ಅವಳ ಸಾಲು ಹಿಂದೆ ಬೀಳುತ್ತದೆ, ಉಳಿದವರ ಮೇಲೆ ಹೊರೆ. ಚೊಚ್ಚಲ ಬಾಣಂತಿಗೆ ತವರಿನ ಆರೈಕೆಯಾದರೂ ಉಂಟು. ಎರಡನೆಯ, ಮೂರನೆಯ ಹೆರಿಗೆಯವಳು ಬೇಗ ಗದ್ದೆಗಿಳಿಯುತ್ತಾಳೆ. ಜಾಲಿಮರಕ್ಕೆ ಹಳೆ ಸೀರೆಯ ಜೋಳಿಗೆ, ತೂಗಲು ಏಳೆಂಟು ವರ್ಷದ ಅಕ್ಕ. ಕೂಸಿನ ಅಳು ತಾಯಿಗೆ ಕೇಳಿಸುತ್ತದೆ, ಹಾಲು ಸೋರಿ ಕುಪ್ಪಸ ತೊಯ್ಯುತ್ತದೆ. ಆದರೂ ಅವಳು ಕೆಸರುಗೈ ತೊಳೆದು ಕೂಸನ್ನೆತ್ತಿಕೊಳ್ಳುವುದು ಬುತ್ತಿ ಬಿಚ್ಚುವ ಹೊತ್ತಿಗೇ.

ಎದೆಹಾಲಿನ ನಡೆ ಬೇರೆ. ಹಾಲು ತುಂಬಿ ನಿಂತಷ್ಟೂ ಹೊಸದು ಇಳಿಯುವುದು ನಿಧಾನ. ಎದೆ ಬರಿದಾದಷ್ಟೂ ಬೇಗ. ಒಮ್ಮೆಗೆ ಹಿಡಿಸುವ ಹಾಲೂ ತಾಯಿಯಿಂದ ತಾಯಿಗೆ ವ್ಯತ್ಯಾಸವಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಾಕ್ವೆಲಿನ್ ಕೆಂಟ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದರಿಂದ ಆರು ತಿಂಗಳ ಆರೋಗ್ಯವಂತ ಕೂಸುಗಳು ದಿನಕ್ಕೆ 6ರಿಂದ 18 ಬಾರಿ ಕುಡಿದಿದ್ದವು. ಇಷ್ಟು ಅಂತರವಿರುವಾಗ ಎಲ್ಲರಿಗೂ ಒಂದೇ ನೇಮ ಹೇಗೆ ಹೊಂದೀತು? ಹಗಲೆಲ್ಲ ಕಟ್ಟಿಕೊಂಡ ಎದೆಯಲ್ಲಿ ಕೆಲವೇ ವಾರಗಳಲ್ಲಿ ಹಾಲು ಇಳಿಮುಖವಾಗುತ್ತದೆ. ಮನೆಯವರು ದೃಷ್ಟಿ ತಾಗಿತೆನ್ನುತ್ತಾರೆ, ತಾಯಿಯ ಮೈಗುಣವೆನ್ನುತ್ತಾರೆ, ಬಾಟಲಿ ಬರುತ್ತದೆ. ಆ ಹಾಲನ್ನು ಬತ್ತಿಸಿದ್ದು ಗುತ್ತಿಗೆಯ ಕೂಲಿ ಎಂದೇ ನನ್ನ ತಿಳಿವಳಿಕೆ.

ಹಾಗೆಂದು ಗಡಿಯಾರವನ್ನು ಪೂರಾ ಬಿಡಲಾಗದು. ಕೇಳಿದಾಗ ಕುಡಿಸಬೇಕೆಂಬ ಮಾತು ಕೇಳಬಲ್ಲ ಕೂಸಿಗೆ ಮಾತ್ರ ಸಲ್ಲುತ್ತದೆ. ತೂಕ ಕಡಿಮೆಯ ಕೂಸು, ಕಾಮಾಲೆಯಿಂದ ಮಂಪರಾದ ಕೂಸು ಹಸಿದರೂ ಅಳದೆ ಮಲಗಿಬಿಡುತ್ತದೆ. ಅದನ್ನು ಎರಡು ಮೂರು ತಾಸಿಗೊಮ್ಮೆ ಎಬ್ಬಿಸಿಯೇ ಕುಡಿಸಬೇಕು. ಗಟ್ಟಿ ಕೂಸಿನಲ್ಲೂ ಅಳು ಹಸಿವಿನ ಕೊನೆಯ ಗುರುತು. ಬಾಯಿ ತಡಕಾಡುವುದು, ಮುಷ್ಟಿ ಚೀಪುವುದು ಮೊದಲಿನವು. ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28, 42ನೆಯ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆ ಇದನ್ನು ಅಜ್ಜಿಗೂ ಆ ಪುಟ್ಟ ಅಕ್ಕನಿಗೂ ತೋರಿಸಿಕೊಡಬೇಕು, ಹಗಲು ಕೂಸಿನ ಬಳಿ ಇರುವವರು ಅವರೇ.

1961ರ ಹೆರಿಗೆ ಸೌಲಭ್ಯ ಕಾಯ್ದೆ ಗಣಿ, ಕಾರ್ಖಾನೆಗಳ ತಾಯಿಗೆ ಕೂಸು 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡುವ ಬಿಡುವು ಕೊಟ್ಟಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೆ ಅನ್ವಯಿಸಿದ ಆ ಹಕ್ಕು ಪಕ್ಕದ ತಾಲ್ಲೂಕಿನ ಭತ್ತದ ಗದ್ದೆಗೆ ಬರಲಿಲ್ಲ. ಗದ್ದೆಯವಳಿಗಿರುವುದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ: ಮೊದಲ ಕೂಸಿಗೆ 5,000 ರೂಪಾಯಿ, ಕೂಲಿ ನಷ್ಟವನ್ನು ಭಾಗಶಃ ತುಂಬಲು. ಬರೀ ಎದೆಹಾಲು ಕುಡಿಸಬೇಕಾದ ಆರು ತಿಂಗಳಿಗೆ ಹಂಚಿದರೆ ಅದು ದಿನಕ್ಕೆ 28 ರೂಪಾಯಿಯೂ ಆಗುವುದಿಲ್ಲ.