ಯಾವ ಬ್ಯಾಚಿಗೆ ಯಾವ ವಾರ್ಡು, ಯಾವಾಗ?

ಕೃಷ್ಣೆಯ ದಂಡೆಯ ಕೊಲ್ಹಾರದಲ್ಲಿ ಮೆಡಿಕಲ್ ಕಾಲೇಜಿಲ್ಲ. ಕಾಯಿಲೆ ಊರಿನ ವೈದ್ಯರ ಕೈಮೀರಿದರೆ ಹೆದ್ದಾರಿ ಹಿಡಿದು ವಿಜಯಪುರಕ್ಕೆ ಹೋಗಬೇಕು. ಅಲ್ಲಿ 1984ರಲ್ಲಿ ಶುರುವಾದ ಅಲ್-ಅಮೀನ್ ಕಾಲೇಜಿದೆ, 1986ರಲ್ಲಿ ಬಂದ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜಿದೆ. ಹಾಸಿಗೆಯ ಸುತ್ತ ನಿಂತ ಬಿಳಿ ಕೋಟಿನ ಹುಡುಗ ಹುಡುಗಿಯರು ಈ ತಿಂಗಳು ಈ ವಾರ್ಡಿಗೇ ಏಕೆ ಬಂದರು ಎಂದು ರೋಗಿ ಕೇಳುವುದಿಲ್ಲ. ಆದರೆ ಅವರ ಅಂಕಗಳಿಗೂ ಆ ಸರದಿಗೂ ನಂಟಿದೆ.

ಸರದಿ ಹುಟ್ಟಿದ್ದು ಅನಿವಾರ್ಯತೆಯಿಂದ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1890ರ ದಶಕದಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೋಣೆಯಿಂದ ಎಬ್ಬಿಸಿ ರೋಗಿಯ ಮಗ್ಗುಲಿಗೆ ಕರೆತಂದರು. ಎಲ್ಲರೂ ಒಂದೇ ವಾರ್ಡಿನಲ್ಲಿ ತುಂಬಿಕೊಳ್ಳಲಾಗದು. ಹೀಗಾಗಿ ಒಬ್ಬರಿಗೆ ಮೆಡಿಸಿನ್ ಮೊದಲು, ಇನ್ನೊಬ್ಬರಿಗೆ ಕೊನೆಗೆ.

ಇದರಲ್ಲಿ ಅನ್ಯಾಯವಿದೆಯೇ ಎಂಬ ಲೆಕ್ಕಾಚಾರ ಅಲ್ಲಿ ಬಲಗೊಂಡಿದ್ದು 1990ರ ದಶಕದಲ್ಲಿ. ಅಮೆರಿಕದಲ್ಲಿ ಪ್ರತಿ ಪೋಸ್ಟಿಂಗ್, ಅಂದರೆ ಒಂದು ವಿಭಾಗದ ವಾರ್ಡಿನ ಸರದಿ, ಮುಗಿದ ಕೂಡಲೇ ಆ ವಿಷಯದ ಪರೀಕ್ಷೆ. 1997ರಲ್ಲಿ ರಿಪ್ಕಿ ಮತ್ತು ಸಂಗಡಿಗರು ಸರ್ಜರಿಯನ್ನೂ, 1998ರಲ್ಲಿ ಕಾನ್ಸಾಸ್‌ನ ಚೋ ಮತ್ತು ಸಂಗಡಿಗರು ಮಕ್ಕಳ ವಿಭಾಗವನ್ನೂ ಪರಿಶೀಲಿಸಿದರು. ವರ್ಷದ ಕೊನೆಯಲ್ಲಿ ಆ ವಿಭಾಗಕ್ಕೆ ಬಂದವರ ಅಂಕ ಮೊದಲು ಬಂದವರಿಗಿಂತ ಮೇಲಿತ್ತು. ಕಾರಣ ಊಹಿಸಲು ಕಷ್ಟವಿಲ್ಲ: ಅಷ್ಟು ಹೊತ್ತಿಗೆ ಅವರು ಬೇರೆ ವಾರ್ಡುಗಳಲ್ಲಿ ರೋಗದ ಹಿಸ್ಟರಿ ಕೇಳುವುದನ್ನು, ಹೊಟ್ಟೆ ಒತ್ತಿ ನೋಡುವುದನ್ನು ಕಲಿತಿರುತ್ತಾರೆ. ಅಲ್ಲಿನ ಪರೀಕ್ಷಾ ಮಂಡಳಿ ಇದನ್ನು ಒಪ್ಪಿಕೊಂಡು, ವರ್ಷದ ಯಾವ ತ್ರೈಮಾಸಿಕದಲ್ಲಿ ಪರೀಕ್ಷೆ ಬರೆದರೋ ಆ ಗುಂಪಿನೊಂದಿಗೇ ಹೋಲಿಸುವ ಕೋಷ್ಟಕಗಳನ್ನೂ ಕೊಡುತ್ತದೆ.

ವಿಜಯಪುರಕ್ಕೆ ಈ ಸೂತ್ರವನ್ನು ಹಾಗೇ ತಂದರೆ ಹೊಂದುವುದಿಲ್ಲ. ಇಲ್ಲಿ ಅಂತಿಮ ಪರೀಕ್ಷೆ ಇಡೀ ತರಗತಿಗೆ ಒಂದೇ ಹಂಗಾಮಿನಲ್ಲಿ. ಎ ಬ್ಯಾಚು ಮೆಡಿಸಿನ್ ವಾರ್ಡನ್ನು ತಿಂಗಳುಗಟ್ಟಲೆ ಹಿಂದೆ ಬಿಟ್ಟಿರಬಹುದು, ಡಿ ಬ್ಯಾಚು ನಿನ್ನೆ ಮೊನ್ನೆ ಅಲ್ಲಿಂದ ಬಂದಿರಬಹುದು. ಅಮೆರಿಕದಲ್ಲಿ ಪ್ರಶ್ನೆ ಅನುಭವದ್ದಾದರೆ ಇಲ್ಲಿ ಮರೆವಿನದು. ಕಲಿತದ್ದು ಮೊದಲ ದಿನಗಳಲ್ಲೇ ವೇಗವಾಗಿ ಜಾರುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದ. ಗುಲ್ಮ ಮುಟ್ಟಿ ಗುರುತಿಸುವ ಬೆರಳಿಗೂ ಅಭ್ಯಾಸ ತಪ್ಪುತ್ತದೆ.

ಋತುವಿನ ಮಾತು ಬೇರೆ. ಮಳೆಗಾಲದಲ್ಲಿ ಪೋಸ್ಟಿಂಗ್ ಬಿದ್ದವರಿಗೆ ಹಾವು ಕಡಿತ, ಡೆಂಗಿ, ವಾಂತಿಭೇದಿ ಧಾರಾಳ. ಅಂತಿಮ ಪರೀಕ್ಷೆಯಲ್ಲಿ ಒಬ್ಬ ರೋಗಿಯನ್ನು ವಿವರವಾಗಿ ಪರೀಕ್ಷಿಸುವ ಲಾಂಗ್ ಕೇಸಿಗೆ ಮಾತ್ರ ಪಾರ್ಶ್ವವಾಯು, ಹೃದಯದ ಕವಾಟದ ತೊಂದರೆ, ನೀರು ತುಂಬಿದ ಹೊಟ್ಟೆಯಂಥ, ಪರೀಕ್ಷೆಯ ದಿನದವರೆಗೆ ಬದಲಾಗದ ಕೇಸುಗಳನ್ನೇ ಹುಡುಕಿ ಮಲಗಿಸುತ್ತಾರೆ. ಹೊಲದಿಂದ ಬಂದ ರೋಗಿಗೆ ಬೇಕಾದ ವಿದ್ಯೆ ಒಂದು, ಅಂಕಕ್ಕೆ ಬೇಕಾದದ್ದು ಇನ್ನೊಂದು ಎನ್ನದೆ ವಿಧಿಯಿಲ್ಲ. ಸಿಕ್ಕ ರೋಗಿಯ ಮೇಲೆ ನಿಂತ ಈ ಅದೃಷ್ಟವನ್ನು ತಗ್ಗಿಸಲೆಂದೇ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಓಸ್ಕಿ ಪರೀಕ್ಷೆ ರೂಪಿಸಿ 1975ರಲ್ಲಿ ಪ್ರಕಟಿಸಿದರು. ಆ ಪರೀಕ್ಷೆಯಲ್ಲಿ ಎಲ್ಲರೂ ಅವೇ ಮೇಜುಗಳನ್ನು ಗಡಿಯಾರದ ಲೆಕ್ಕದಲ್ಲಿ ಸುತ್ತುತ್ತಾರೆ. ರೋಗಿಯ ಅದೃಷ್ಟ ಸಮನಾಯಿತು, ಸರದಿಯ ಅದೃಷ್ಟ ಹಾಗೇ ಉಳಿಯಿತು.

2019ರಲ್ಲಿ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದ ಮೇಲೆ ಪೋಸ್ಟಿಂಗ್ ಕೊನೆಯ ಪರೀಕ್ಷೆ ಮತ್ತು ಲಾಗ್‌ಬುಕ್ಕಿಗೆ ತೂಕ ಬಂದಿದೆ. ಯಾರು ಯಾವಾಗ ಏನು ಕಲಿತರು ಎಂಬುದು ಈಗ ಕಾಗದದ ಮೇಲಿದೆ. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ ಬ್ಯಾಚಿನ ಕಾಲಂ ಇಲ್ಲ. ಪಠ್ಯಕ್ರಮ ಬಂದ ಮರುವರ್ಷವೇ ಕೊರೊನಾ ಬಂದು ಪೋಸ್ಟಿಂಗ್‌ಗಳು ನಿಂತವು, ಪಾಠ ಮೊಬೈಲಿಗೆ ಬಂತು, ಸರದಿಯ ಲೆಕ್ಕವೆಲ್ಲ ಕಲಸಿಹೋಯಿತು.

ಇನ್ನು ಅಂತಿಮ ಪರೀಕ್ಷೆ ನಡೆಸುವವರೂ ಎರಡು ಕಾಲೇಜುಗಳಿಗೆ ಬೇರೆ ಬೇರೆ. ಒಂದೇ ಊರಿನಲ್ಲಿದ್ದರೂ ಅಲ್-ಅಮೀನ್ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಬಿಎಲ್‌ಡಿಇ 2008ರಿಂದ ಡೀಮ್ಡ್ ವಿಶ್ವವಿದ್ಯಾಲಯ, ಪರೀಕ್ಷೆ ತನ್ನದೇ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಹೇಳಿದ, ಮುಂದೂಡುತ್ತಲೇ ಬಂದ ನೆಕ್ಸ್ಟ್ ಎಂಬ ರಾಷ್ಟ್ರಮಟ್ಟದ ಅಂತಿಮ ಪರೀಕ್ಷೆ ಜಾರಿಯಾದರೆ ಎರಡೂ ಕಾಲೇಜುಗಳಿಗೆ ಒಂದೇ ಪ್ರಶ್ನೆಪತ್ರಿಕೆ. ಆಗ ಕೊನೆಯ ಮೆಡಿಸಿನ್ ಪೋಸ್ಟಿಂಗ್ ಯಾವ ಬ್ಯಾಚಿಗೆ ಎಂದು ವೇಳಾಪಟ್ಟಿ ಬರೆಯುವ ಗುಮಾಸ್ತರ ಮುಂದೆ ಹುಡುಗರು ಸಾಲುಗಟ್ಟಿದರೆ ಆಶ್ಚರ್ಯಪಡಬೇಕಿಲ್ಲ.