ಅಟ್ಟದ ಮೇಲಿನ ಸಂಪತ್ತು

ಸಂಪತ್ತು ಎಂದರೇನು ಎಂದು ಕೇಳಿದರೆ ಇಂದು ನಮ್ಮಲ್ಲಿ ಬಹುತೇಕರು ಆದಾಯ ಎಷ್ಟು, ಖರ್ಚು ಮಾಡುವ ಶಕ್ತಿ ಎಷ್ಟು ಎಂಬ ಲೆಕ್ಕವನ್ನೇ ಮುಂದಿಡುತ್ತೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲೂಕುಗಳ ತೆಂಗಿನ ಸೀಮೆ ಈ ಪ್ರಶ್ನೆಗೆ ಬಹುಕಾಲ ಬೇರೊಂದು ಉತ್ತರವನ್ನು ಇಟ್ಟುಕೊಂಡಿತ್ತು.

ಕರಾವಳಿಯಲ್ಲಿ ಕಾಯಿ ಒಡೆದು, ಬಿಸಿಲಿಗೆ ಒಣಗಿಸಿ ಎಣ್ಣೆಗೆ ಕಳಿಸುವುದು ರೂಢಿ. ಈ ಸೀಮೆಯವರು ಬಲಿತ ಕಾಯಿಯನ್ನು ಇಡಿಯಾಗಿಯೇ ಅಟ್ಟಕ್ಕೇರಿಸುತ್ತಾರೆ. ಎಂಟು ಹತ್ತು ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಹಬ್ಬ, ಮದುವೆ, ಸಿಹಿತಿಂಡಿಗಳಿಗಾಗಿ ಉತ್ತರ ಭಾರತ ಇದನ್ನು ಕೊಳ್ಳುತ್ತದೆ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದತ್ತ ಸಾಗಿದ ರೈಲುಮಾರ್ಗ ತಿಪಟೂರನ್ನು ದೂರದ ಪೇಟೆಗಳಿಗೆ ಜೋಡಿಸಿತು.

ಅಟ್ಟದ ಕೊಬ್ಬರಿಯೇ ರೈತನ ಬ್ಯಾಂಕು. ಮದುವೆಗೋ, ಮಕ್ಕಳ ಓದಿಗೋ, ಕಾಯಿಲೆಗೋ ಬೇಕಾದಷ್ಟನ್ನು ಇಳಿಸಿ ಮಾರಬಹುದಿತ್ತು. ಬೆಲೆ ಕುಸಿದಾಗ ತುಸು ಕಾಯಬಹುದಿತ್ತು. ಅವಸರಪಡಬೇಕಾಗಿಲ್ಲದ ಸ್ಥಿತಿಯೇ ಇಲ್ಲಿ ಸಿರಿತನವಾಗಿತ್ತು. ಆದರೆ ಈ ಚಿತ್ರವನ್ನು ನಾವು ವೈಭವೀಕರಿಸಬೇಕಾಗಿಲ್ಲ. ಕಾಯುವ ಶಕ್ತಿ ಇದ್ದದ್ದು ತೋಟ ಉಳ್ಳವರಿಗೆ. ಸಾಲದಲ್ಲಿದ್ದ ಸಣ್ಣ ಹಿಡುವಳಿದಾರನ ಕಾಯಿ ಅಟ್ಟ ಏರುವ ಮೊದಲೇ ಬೇರೆಯವರ ಪಾಲಾಗುತ್ತಿತ್ತು. ಕಾಯಿ ಕೆಡವುವ, ಸುಲಿಯುವ ಕೂಲಿಕಾರರಿಗೆ ಅಟ್ಟವೇ ಇರಲಿಲ್ಲ.

ಗಾಂಧೀಜಿಯವರ ಒಡನಾಡಿ ಜೆ. ಸಿ. ಕುಮಾರಪ್ಪ ಸೆರೆಮನೆಯಲ್ಲಿ ಬರೆದ ‘ಎಕಾನಮಿ ಆಫ್ ಪರ್ಮನೆನ್ಸ್’ ಕೃತಿಗೆ 1945ರಲ್ಲಿ ಗಾಂಧೀಜಿ ಮುನ್ನುಡಿ ಬರೆದರು. ಅದರಲ್ಲಿ ಕುಮಾರಪ್ಪ ನಿಸರ್ಗದ ಸಂಪತ್ತನ್ನು ಎರಡಾಗಿ ವಿಂಗಡಿಸಿದರು. ಗಣಿ, ಕಲ್ಲಿದ್ದಲು, ಪೆಟ್ರೋಲ್ ಬಳಸಿದಷ್ಟೂ ಕರಗುವ ದಾಸ್ತಾನು; ಬೆಳೆ, ಕಾಡು, ಹರಿಯುವ ನೀರು ಮತ್ತೆ ಮತ್ತೆ ತುಂಬಿಕೊಳ್ಳುವ ಪ್ರವಾಹ. ಮೊದಲನೆಯದನ್ನು ನಂಬಿದ ಆರ್ಥಿಕತೆ ಪೈಪೋಟಿ, ಹಿಂಸೆಗಳತ್ತ ನಡೆಯುತ್ತದೆ ಎಂಬುದು ಅವರ ವಾದ.

ಈ ಎರಡೂ ಬಗೆಯ ಸಂಪತ್ತನ್ನು ಚಿಕ್ಕನಾಯಕನಹಳ್ಳಿ ತಾಲೂಕಿನಲ್ಲಿ ಅಕ್ಕಪಕ್ಕದಲ್ಲೇ ಕಾಣಬಹುದು. ತೆಂಗಿನ ತೋಟಗಳ ನೆರೆಯ ಗುಡ್ಡಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿದೆ. ಕೆಲವೇ ವರ್ಷಗಳಲ್ಲಿ ಗುಡ್ಡಗಳ ಅದಿರು ಹಣವಾಯಿತು. ಅಕ್ರಮ ಗಣಿಗಾರಿಕೆಯ ವಿರುದ್ಧದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೂ ತಡೆ ಹಾಕಿತು. 2013ರಲ್ಲಿ ಷರತ್ತುಗಳೊಂದಿಗೆ ಒಂದಷ್ಟು ಗಣಿಗಳಿಗೆ ಅನುಮತಿ ಕೊಟ್ಟಿತು. ಅಗೆದ ಗುಡ್ಡ ಮಾತ್ರ ಮತ್ತೆ ಬೆಳೆಯಲಿಲ್ಲ. ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಆಮೇಲೆ ಅದು ಎರಡು ತಲೆಮಾರನ್ನು ಸಾಕುತ್ತದೆ.

ಆದರೆ ಗಣಿ ಕೆಟ್ಟದ್ದು, ತೋಟ ಒಳ್ಳೆಯದು ಎಂದು ಹೇಳಿ ಮುಗಿಸಿದರೆ ಅದು ಅರ್ಧ ಸತ್ಯವಷ್ಟೇ. ಮಳೆಯನ್ನೂ ಕೆರೆಯನ್ನೂ ನಂಬಿದ್ದ ತೆಂಗು ಇಂದು ಕೊಳವೆಬಾವಿಯನ್ನು ನಂಬಿದೆ. ನೂರಾರು ಅಡಿ ಆಳದ ನೀರು ಮಳೆ ತುಂಬುವುದಕ್ಕಿಂತ ವೇಗವಾಗಿ ಖಾಲಿಯಾದಾಗ ಅದೂ ಒಂದು ಗಣಿಯೇ. ಕಳೆದ ದಶಕದ ಬರಗಳಲ್ಲಿ ಬಾವಿ ಬತ್ತಿ ಸುಳಿ ಒಣಗಿದ ಮರಗಳು ಈ ಲೆಕ್ಕವನ್ನು ತೋರಿಸಿಕೊಟ್ಟವು. ಕುಮಾರಪ್ಪನವರ ಗೆರೆ ಈಗ ತೋಟದ ಒಳಗೇ ಹಾದುಹೋಗುತ್ತಿದೆ.

ಇತ್ತ ಬೆಲೆಯ ಆಟವೂ ಇದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕಡಿಮೆ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಕಾದವರು ಗೆದ್ದರು. ಆದರೆ ಎಳನೀರಿಗೆ ಅಂದಂದೇ ಹಣ ಸಿಗುವಾಗ, ಸಾಲದ ಕಂತು ತಿಂಗಳು ತಿಂಗಳೂ ಬರುವಾಗ, ಹತ್ತು ತಿಂಗಳು ಕಾಯುವವರು ಯಾರು?

ಅಟ್ಟದ ಕಾಲಕ್ಕೆ ಹಿಂದಿರುಗೋಣ ಎಂದು ನಾವು ಹೇಳುತ್ತಿಲ್ಲ. ಸಂಪತ್ತನ್ನು ಅಳೆಯುವಾಗ ಮೂರು ಪ್ರಶ್ನೆಗಳನ್ನಾದರೂ ಕೇಳಿಕೊಳ್ಳಬೇಕು: ತೆಗೆದದ್ದು ಮತ್ತೆ ತುಂಬುತ್ತದೆಯೇ? ದುಡಿದವನಿಗೂ ಕಾಯುವಷ್ಟು ಉಳಿಯುತ್ತದೆಯೇ? ನೆಟ್ಟವರ ಮೊಮ್ಮಕ್ಕಳಿಗೆ ಬಾವಿಯಲ್ಲಿ ನೀರಿರುತ್ತದೆಯೇ? ಈ ಮೂರಕ್ಕೂ ಇಲ್ಲ ಎಂಬುದೇ ಉತ್ತರವಾದರೆ, ಆದಾಯ ಎಷ್ಟೇ ಏರಿದರೂ ಆ ನಾಡು ಬಡವಾಗುತ್ತಿದೆ ಎಂದೇ ಅರ್ಥ.